ವಿನಿಪೆಗ್‌ನಲ್ಲಿ ಕಳೆದ ಒಂದು ಗಂಟೆ

ಮಾರ್ಚ್ ೧೦, ಭಾನುವಾರ. ಮಧ್ಯಾಹ್ನ ೧೨.೨೦

ಇಂದು ಬೆಳಿಗ್ಗೆ ಬರೆದ ವಿವರದಲ್ಲಿ ಒಂದು ತಪ್ಪಿದೆ. "ಪಕ್ಕದ ಬೆಂಚಿನ ಮಹಿಳೆಯನ್ನು ಅವರು ಹೇಳಿದಂತೆ ಸರಿಯಾಗಿ ನಾಲ್ಕು ಗಂಟೆಗೆ ಎಬ್ಬಿಸಿದೆ; ಅವರ ನಿಧಾನದಿಂದ ವಿಮಾನ ತಪ್ಪಿತು" ಎಂದಿದೆ. ಆಗ ಗಂಟೆ ನಾಲ್ಕಲ್ಲ, ಐದು. ನಿಧಾನ ಅವರದಲ್ಲ. ಹಳೆಯ ವಾಕ್ಯವನ್ನು ಅಳಿಸಿಲ್ಲ. ತರಗತಿಯಲ್ಲಿಯೂ ಅಳಿಸಲು ಬಿಡುತ್ತಿರಲಿಲ್ಲ. ಒಂದೇ ಗೆರೆ ಎಳೆದು, ತಪ್ಪು ಕಾಣುವಂತೆ ಉಳಿಸಿ, ಮುಂದೆ ಸರಿಯಾದದ್ದನ್ನು ಬರೆಯಬೇಕು.

ನಡೆದದ್ದು ಹೀಗೆ. ಶನಿವಾರ ಸಂಜೆ ರೆಜೈನಾದಿಂದ ಬಂದಿಳಿದೆ. ಹ್ಯಾಲಿಫ್ಯಾಕ್ಸ್ ವಿಮಾನ ಸೋಮವಾರ ಸಂಜೆ ನಾಲ್ಕಕ್ಕೆ. ನಡುವೆ ಎರಡು ರಾತ್ರಿ ಕಾಯಿಸುವ ಟಿಕೆಟ್ಟೇ ಎಲ್ಲಕ್ಕಿಂತ ಅಗ್ಗ. ಈ ವಿಮಾನ ನಿಲ್ದಾಣದ ಪಶ್ಚಿಮ ತುದಿಯಲ್ಲಿ ನಡುವೆ ಕೈಯಾನಿಕೆಗಳಿಲ್ಲದ, ಮಲಗಲು ಬರುವ ಬೆಂಚುಗಳು ಆರು. ಕಿಟಕಿಯಿಂದ ಎರಡನೆಯದು ಎಂದಿನಂತೆ ನನ್ನದು. ಮೂರನೆಯದರಲ್ಲಿ ಥೆರೇಸಿ. ದೂರದ ಉತ್ತರದ ಹಿಮನಾಡಿನ ರ‍್ಯಾಂಕಿನ್ ಇನ್ಲೆಟ್ ಊರಿನವರು, ಅಲ್ಲಿಯ ಮೂಲನಿವಾಸಿ ಇನುಯಿಟ್ ಮಹಿಳೆ, ವಯಸ್ಸು ಅರವತ್ತೇಳು. ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಬಂದವರು. ಬಲಗಣ್ಣಿಗೆ ಪಟ್ಟಿ, ಎಡಗಣ್ಣು ಮಂಜು. ಫೋನಿನ ಅಂಕೆಯಾಗಲಿ ಗೋಡೆಯ ಗಡಿಯಾರವಾಗಲಿ ಕಾಣದು. ಊರಿಗೆ ಹಿಂದಿರುಗುವ ವಿಮಾನ ನಸುಕಿನ ಐದೂ ಮುಕ್ಕಾಲಿಗೆ.

"ನೀವು ಮೇಷ್ಟ್ರಾ?" ಎಂದರು.

"ಮೂವತ್ತೆಂಟು ವರ್ಷ. ಹೇಗೆ ತಿಳಿಯಿತು?"

"ನಿಮ್ಮ ಮಾತು ಕೇಳಿದ್ರೆ ಬೆನ್ನು ತಾನಾಗೇ ನೆಟ್ಟಗಾಗುತ್ತೆ. ನಾಲ್ಕಕ್ಕೆ ಎಬ್ಬಿಸ್ತೀರಾ?"

ಇಲ್ಲಿ ಮಲಗುವವರಲ್ಲಿ ಇದು ವಾಡಿಕೆ. ಬೇಗ ಹೊರಡುವವರು ಪಕ್ಕದವರಿಗೆ ಗಂಟೆ ಹೇಳಿ ಮಲಗುತ್ತಾರೆ, ಹೇಳಿಸಿಕೊಂಡವನು ಎಚ್ಚರವಾಗಿರುತ್ತಾನೆ. ಹೆಸರು ಕೇಳುವ ಮೊದಲೇ ಗಂಟೆ ಕೇಳುತ್ತೇವೆ. ಇಲ್ಲಿ ಬಂದು ಮಲಗುವ ಈ ಏಳು ವರ್ಷಗಳಲ್ಲಿ ನಾನು ಒಬ್ಬರನ್ನೂ ತಡವಾಗಿ ಎಬ್ಬಿಸಿಲ್ಲ.

ಒಪ್ಪಿಕೊಂಡೆ. ಆಕೆ ಮಲಗಿದರು. ಹನ್ನೊಂದರ ಸುಮಾರಿಗೆ ನೆಲ ಒರೆಸುವ ರೋಮೆಲ್ ಬಂದು, "ಸರ್, ಇವತ್ತು ಬೇಸಿಗೆಗೆ ಅಂತ ಊರಿಗೆಲ್ಲ ಗಡಿಯಾರ ಒಂದು ಗಂಟೆ ಮುಂದೆ ಹಾಕೋ ರಾತ್ರಿ. ಎರಡು ಹೊಡೆಯೋ ಹೊತ್ತಿಗೆ ಮೂರಾಗಿರುತ್ತೆ. ನೆನಪಿರಲಿ" ಎಂದ. ಅವನಿಗೆ ಹತ್ತು ನಿಮಿಷ ಪಾಠ ಹೇಳಿದೆ. ನಮ್ಮ ಪ್ರಾಂತ್ಯ ಸಸ್ಕ್ಯಾಚುವಾನ್‌ನಲ್ಲಿ ನಾವು ವರ್ಷಪೂರ್ತಿ ಗಡಿಯಾರ ಮುಟ್ಟುವುದಿಲ್ಲ. ಸೂರ್ಯನು ಸರ್ಕಾರದ ಸುತ್ತೋಲೆ ಓದಿ ಉದಯಿಸುವುದಿಲ್ಲ — ಇತ್ಯಾದಿ. ಅವನು ತಲೆಯಾಡಿಸುತ್ತಾ ಒರೆಸಿದ. ಪಾಠ ಚೆನ್ನಾಗಿತ್ತು. ನನ್ನ ಕೈಗಡಿಯಾರ ತಿರುಗಿಸುವುದು ಮರೆತೆ.

ಕೈಗಡಿಯಾರದಲ್ಲಿ ನಾಲ್ಕಾದಾಗ ಎಬ್ಬಿಸಿದೆ. ಚೀಲ ಹಿಡಿದು ಜೊತೆಯಲ್ಲೇ ಓಡಿದೆ. ಕೌಂಟರಿನ ಹುಡುಗಿ ಹೇಳಿದಳು: "ಅಮ್ಮಾ, ಐದಕ್ಕೇ ಕ್ಲೋಸ್ ಆಯ್ತು. ನಾಳೆದು ಫುಲ್ಲು. ಇನ್ನು ಮಂಗಳವಾರವೇ."

ಮಾರ್ಚ್ ೧೦. ಸಂಜೆ ೬.೪೫

ರೋಗಿಗಳ ವಸತಿಯಲ್ಲಿ ಜಾಗವಿಲ್ಲವಂತೆ. ಮೂರನೆಯ ಬೆಂಚಿಗೇ ಮರಳಿದ್ದಾರೆ. ಚಹಾ ತಂದುಕೊಟ್ಟೆ. ಚೀಲದಿಂದ ಒಣಮೀನು ತೆಗೆದು ಸಣ್ಣ ಚಾಕುವಿನಿಂದ ಸೀಳಿ ಕೊಟ್ಟರು. ಕಣ್ಣು ಕಾಣದಿದ್ದರೂ ಕೈಗೆ ಲೆಕ್ಕ ತಪ್ಪಲಿಲ್ಲ.

"ತಿನ್ನಿ ಮೇಷ್ಟ್ರೇ. ಮುಖ ಯಾಕೆ ಹಾಗೆ? ವಿಮಾನ ತಪ್ಪಿದ್ದು ನನಗೆ."

ಆಗ ಮಗನ ವಿಷಯ ಹೇಳಿದರು. ಹೆಸರು ಈವೋ. ಗಣಿಯಲ್ಲಿ ಕೆಲಸ, ಎರಡು ವಾರ ಅಲ್ಲಿ, ಎರಡು ವಾರ ಊರಲ್ಲಿ. ತಂದೆ ತೀರಿಕೊಂಡಾಗ ಏನೋ ಮಾತು ಬಂತು. ನಾಲ್ಕು ವರ್ಷ ಅಮ್ಮನ ಮನೆಯ ಹೊಸ್ತಿಲು ತುಳಿದಿಲ್ಲ. ಕಳೆದ ವಾರ ತಾನಾಗಿಯೇ ಫೋನ್ ಮಾಡಿ, ಭಾನುವಾರ ಮಧ್ಯಾಹ್ನ ಊಟಕ್ಕೆ ಬರುತ್ತೇನೆ ಎಂದಿದ್ದ. ಮೂರು ಗಂಟೆಗೆ ಗಣಿಯ ವಿಮಾನ ಹತ್ತಬೇಕಿತ್ತು.

"ಬಂದಿರ್ತಾನೆ. ಬಾಗಿಲು ತಟ್ಟಿರ್ತಾನೆ. ಆಸ್ಪತ್ರೆಗೆ ಹೋಗ್ತೀನಿ ಅಂತ ಹೇಳಿರ್ಲಿಲ್ಲ. ಕಣ್ಣು ಸರಿಯಾದ ಮೇಲೆ ಅವನ ಮುಖ ನೋಡೋಣ ಅಂತ. ಬೆಳಿಗ್ಗೆಯಿಂದ ಆ ಕೌಂಟರಿನ ಹುಡುಗಿ ಕೈಲಿ ಎಂಟು ಸಲ ನಂಬರ್ ಒತ್ತಿಸಿದೆ. ಮೊದಲು ಮಲಗಿದ್ನೇನೋ, ಎತ್ತಲಿಲ್ಲ. ಈಗ ಆಫ್ ಮಾಡಿದಾನೆ. ಅಮ್ಮ ಬೇಕು ಅಂತಲೇ ಮನೆಯಲ್ಲಿರ್ಲಿಲ್ಲ ಅಂದ್ಕೊಂಡಿದಾನೆ."

ಕೈಗಡಿಯಾರದ ಮೇಲೆ ಅಂಗಿಯ ತೋಳು ಎಳೆದುಕೊಂಡೆ.

"ನಿಮ್ಮ ತಪ್ಪಲ್ಲ ಬಿಡಿ. ಗಡಿಯಾರ ಮುಂದೆ ಹೋಗೋ ರಾತ್ರಿ ಅಂತ ನಾನು ಹೇಳ್ಬೇಕಿತ್ತು. ನಿಮ್ಮ ಕಡೆ ಅದಿಲ್ವಂತಲ್ಲ, ನಿಮಗೆ ಹೇಗೆ ಗೊತ್ತಾಗ್ಬೇಕು?"

"ಹೌದು, ನಮ್ಮಲ್ಲಿ ಅದಿಲ್ಲ" ಎಂದೆ.

ಪ್ರತಿಯೊಂದು ಪದವೂ ನಿಜ. ವಾಕ್ಯ ಸುಳ್ಳು.

ಮಾರ್ಚ್ ೧೧, ಸೋಮವಾರ. ರಾತ್ರಿ ೩.೦೫

ನಿದ್ರೆ ಇಲ್ಲ. ಇದು ಹೊಸದು. ಮನೆಯಲ್ಲಿ ನಿದ್ರೆ ಬಾರದೆಂದೇ ಇಲ್ಲಿಗೆ ಬರುವುದು. ಹೆಂಡತಿ ಇಂಗಾ ಹೋದ ಮೇಲೆ ಮೂಸ್ ಜಾ ಊರಿನ ನಮ್ಮ ಮನೆಯಲ್ಲಿ ಫ್ರಿಜ್ಜು ನಿಂತರೂ ಎಚ್ಚರವಾಗುತ್ತದೆ. ಇಲ್ಲಿ ಎಡಕ್ಕೊಬ್ಬರ, ಬಲಕ್ಕೊಬ್ಬರ ಉಸಿರು. ಯಾರೆಂದು ತಿಳಿಯದಿದ್ದರೂ ಸಾಕು. ಹ್ಯಾಲಿಫ್ಯಾಕ್ಸ್‌ನಲ್ಲಿ ನನಗೆ ಯಾರೂ ಇಲ್ಲ. ಇಳಿದು, ಕಡಲು ನೋಡಿ, ಮತ್ತೊಂದು ನಿಲ್ದಾಣದಲ್ಲಿ ಮಲಗಿ, ಹಿಂದಿರುಗುತ್ತೇನೆ. ಇದನ್ನು ಪ್ರವಾಸವೆನ್ನುವುದು ಸರಿಯಾದ ಪ್ರಯೋಗವಲ್ಲ.

ರೋಮೆಲ್ ಈಗಷ್ಟೇ ಬಂದಿದ್ದ. ಆಕೆ ಮಲಗಿರುವುದನ್ನು ನೋಡಿ, "ಇವರು ನಿನ್ನೆ ಹೋಗ್ಬೇಕಿತ್ತಲ್ವಾ ಸರ್?" ಎಂದ.

"ತಪ್ಪಿತು."

ನನ್ನ ಕೈಗಡಿಯಾರ ನೋಡಿದ. ಮುಖ ನೋಡಿದ. ಒರೆಸುವ ಕೋಲನ್ನು ಬಕೆಟ್ಟಿನಲ್ಲಿ ಅದ್ದಿ ಹೋಗಿಬಿಟ್ಟ. ಬಾಯಿಬಿಟ್ಟು ಬೈದಿದ್ದರೆ ಉತ್ತರವಾದರೂ ಇರುತ್ತಿತ್ತು.

ಹೇಳದೇ ಹೋಗಬಹುದು. ಸಂಜೆ ನಾಲ್ಕಕ್ಕೆ ನನ್ನ ವಿಮಾನ. ಆಕೆ ನನ್ನನ್ನು ಒಳ್ಳೆಯ ಮೇಷ್ಟ್ರೆಂದೇ ನೆನೆಯುತ್ತಾರೆ. ಏಳು ವರ್ಷಗಳಲ್ಲಿ ನನಗೆ ಮೀನು ಸೀಳಿ ಕೊಟ್ಟವರು ಬೇರೆ ಯಾರೂ ಇಲ್ಲ...

ಮಾರ್ಚ್ ೧೧. ಬೆಳಿಗ್ಗೆ ೧೧.೩೦

ಹೇಳಿದೆ. ನಿಂತುಕೊಂಡು ಹೇಳಿದೆ, ಕುಳಿತು ಹೇಳುವ ಮಾತಲ್ಲ. ರೋಮೆಲ್ ಎಚ್ಚರಿಸಿದ್ದು, ನಾನು ಅವನಿಗೆ ಪಾಠ ಹೇಳಿದ್ದು, ನಿನ್ನೆ ಸಂಜೆಯ ವಾಕ್ಯ — ಕ್ರಮವಾಗಿ ಎಲ್ಲವನ್ನೂ.

ಆಕೆ ಕಣ್ಣಿನ ಪಟ್ಟಿ ಸರಿಮಾಡಿಕೊಂಡರು. ಆಮೇಲೆ ಕೇಳಿದರು: "ಶಾಲೆಗೆ ಮಕ್ಕಳು ತಡವಾಗಿ ಬಂದ್ರೆ ಏನ್ ಮಾಡ್ತಿದ್ರಿ?"

"ಹೆಸರು ಬರೆದು ಹೊರಗೆ ನಿಲ್ಲಿಸುತ್ತಿದ್ದೆ."

"ಯಾಕೆ ತಡ ಅಂತ ಕೇಳ್ತಿದ್ರಾ?"

"ಇಲ್ಲ."

"ನಮ್ಮ ಈವೋನ ಮೇಷ್ಟ್ರೂ ಕೇಳ್ತಿರ್ಲಿಲ್ಲ. ಯಾಕೆ ಅಂತ ಕೇಳದೇ ಇರೋದನ್ನ ಕಲಿಸಿಬಿಟ್ರು ಅವನಿಗೂ." ಎದ್ದು ಚೀಲ ಎತ್ತಿಕೊಂಡರು. ಹಿಡಿಯಲು ಹೋದೆ. "ಬೇಡ. ನನಗೆ ಕಣ್ಣಿಲ್ಲ, ಕೈ ಇದೆ."

ಗೋಡೆ ಹಿಡಿದುಕೊಂಡು ಹೋಗಿ ಆರನೆಯ ಬೆಂಚಿನಲ್ಲಿ ಕುಳಿತಿದ್ದಾರೆ. ನನ್ನ ಕಡೆಗೆ ಬೆನ್ನು. ನಡುವೆ ಮೂರು ಖಾಲಿ ಬೆಂಚು.

ಮಾರ್ಚ್ ೧೨, ಮಂಗಳವಾರ. ನಸುಕು ೪.೧೫

ಹ್ಯಾಲಿಫ್ಯಾಕ್ಸ್ ವಿಮಾನ ಹತ್ತಲಿಲ್ಲ. ಎರಡು ಬಾರಿ ಹೆಸರು ಕೂಗಿದರು. ಧ್ವನಿವರ್ಧಕದಲ್ಲಿ ನನ್ನ ಹೆಸರು ಕೇಳಿದ್ದು ಇದೇ ಮೊದಲು, ಉಚ್ಚಾರಣೆ ತಪ್ಪಿತ್ತು. ಏಳಲಿಲ್ಲ.

ರಾತ್ರಿ ಒಂಬತ್ತಕ್ಕೆ ಆರನೆಯ ಬೆಂಚಿನ ಬಳಿ ಹೋಗಿ, "ನಾಳೆ ನಾಲ್ಕಕ್ಕೆ ಎಬ್ಬಿಸಲು ರೋಮೆಲ್‌ಗೆ ಹೇಳಿದ್ದೇನೆ. ನಾನೂ ಎಚ್ಚರವಿರುತ್ತೇನೆ" ಎಂದೆ.

"ನಿಮ್ಮ ವಿಮಾನ?"

"ಹೋಯಿತು."

"ಒಬ್ಬರನ್ನ ಎಬ್ಬಿಸೋಕೆ ಇಬ್ಬರು ಗಂಡಸರು" ಎಂದರು. ಅಷ್ಟೇ. ಆದರೆ ಪಕ್ಕದಲ್ಲಿದ್ದ ಚೀಲವನ್ನು ಕಾಲ ಬಳಿಗೆ ಸರಿಸಿದರು. ಐದನೆಯ ಬೆಂಚಿನ ತುದಿಯಲ್ಲಿ ಕುಳಿತೆ. ರಾತ್ರಿಯಿಡೀ ಕುಳಿತೇ ಇದ್ದೆ. ಅವರ ಉಸಿರು ಎರಡರ ಸುಮಾರಿಗಷ್ಟೇ ನಿದ್ರೆಯದಾಯಿತು.

ನಾಲ್ಕಕ್ಕೆ ನಾನೇ ಎಬ್ಬಿಸಿದೆ. ಗೋಡೆಯ ಗಡಿಯಾರ, ರೋಮೆಲ್‌ನ ಫೋನು, ಎರಡನ್ನೂ ನೋಡಿ. ಕೌಂಟರಿನಲ್ಲಿ ಚೀಟಿ ಕೊಡಿಸಿ, ಚೀಲ ತೂಕಕ್ಕೆ ಇಟ್ಟಾಯಿತು. ಈ ಬಾರಿ ಚೀಲ ಹಿಡಿಯಲು ಬಿಟ್ಟರು.

"ಗಣಿಯಲ್ಲಿ ಈಗ ಏಳ್ತಾರೆ" ಎಂದರು. "ಕೆಲಸಕ್ಕೆ ಇಳಿಯೋಕೆ ಮುಂಚೆ ಫೋನ್ ಆನ್ ಮಾಡಿರ್ತಾನೆ. ನಂಬರ್ ಒತ್ತಿ ಕೊಡಿ."

ಒತ್ತಿ ಕೊಟ್ಟೆ. ಚಾರ್ಜಿಂಗ್ ಕಂಬದ ಬಳಿ ಹೋಗಿ ನಿಂತಿದ್ದಾರೆ. ದೂರದಿಂದ ಇದನ್ನು ಬರೆಯುತ್ತಿದ್ದೇನೆ. ಮಗ ಎತ್ತಿದನೆಂದು ಕಾಣುತ್ತದೆ. ನಂತರ ಅವರ ಭಾಷೆಯಲ್ಲಿ ಒಂದೆರಡು ಮಾತು, ಮೆಲ್ಲಗೆ. ಆಮೇಲೆ ಕಂಬಕ್ಕೆ ತಲೆ ಆನಿಸಿದರು. ಫೋನ್ ಇಟ್ಟರೆಂದುಕೊಂಡೆ. ಇಲ್ಲ, ಇನ್ನೂ ಕಿವಿಯಲ್ಲಿದೆ.

ಈಗ ಇತ್ತ ತಿರುಗಿದರು. ನಾನಿರುವ ದಿಕ್ಕನ್ನು ಅಂದಾಜು ಮಾಡಿ ಫೋನನ್ನು ಚಾಚಿ ಹಿಡಿದಿದ್ದಾರೆ.

"ಮೇಷ್ಟ್ರೇ, ಬನ್ನಿ ಇಲ್ಲಿ. ನಾನು ಹೇಳಿದ್ರೆ ನಂಬ್ತಿಲ್ಲ. ನಂಬೋ ಹಾಗೆ ನೀವೇ ಹೇಳಿ. ಪಾಠ ಬೇಡ. ಅವನಿಗೆ ಐದು ನಿಮಿಷ ಇದೆ."

ಏಳಬೇಕು. ಮೊದಲ ವಾಕ್ಯ ಸಿದ್ಧವಿದೆ: ತಪ್ಪು ನನ್ನದು, ನಿಮ್ಮ ತಾಯಿ ಬರಲು ಹೊರಟಿದ್ದರು. ಎರಡನೆಯದು —

೧೨ ಮಾರ್ಚ್, ಮಂಗಳವಾರ, ನಸುಕಿನ ೪ ಗಂಟೆ ೨೮ ನಿಮಿಷ, ವಿನಿಪೆಗ್