ಟಾಟಾಯ್ ಅಂಚಿನಲ್ಲಿ ಬರೆದದ್ದು

ಜಾರೊ, ಇಲೊಯ್ಲೊ
ಗುರುವಾರ, 20 ಮಾರ್ಚ್ 2025

ಪ್ರೀತಿಯ ಹೆರ್ಮಿ,

ಮಾರ್ಚ್ ಮೂರನೇ ತಾರೀಕು, ಸೋಮವಾರ, ನಾವು ದುಡ್ಡು ಕೊಟ್ಟು ಕೊಂಡ ಪುಸ್ತಕಗಳನ್ನೆಲ್ಲ ಆ ಕಂಪನಿಯವರು ನಮ್ಮ ಮನೆಯ ರೀಡರಿನಿಂದ, ಆ ಪುಸ್ತಕ ಓದುವ ಯಂತ್ರದಿಂದ, ತೆಗೆದುಕೊಂಡು ಹೋದರು. ಹೇಳಲಿಲ್ಲ, ಕೇಳಲಿಲ್ಲ. ಪುಸ್ತಕಗಳ ಜೊತೆಗೆ, ನಿನ್ನ ಅಪ್ಪ, ನಮ್ಮ ಟಾಟಾಯ್, ಸಾಯುವ ಮುಂಚೆ ಪುಟಗಳ ಅಂಚಿನಲ್ಲಿ ನಿನಗಾಗಿ ಬರೆದಿಟ್ಟ ಮಾತುಗಳೂ ಹೋದವು. ಎಂದಿನಂತೆ ಮೊದಲು ನಿನ್ನ ಆರೋಗ್ಯ ವಿಚಾರಿಸಿ ಆಮೇಲೆ ಸುದ್ದಿಗೆ ಬರೋಣವೆಂದು ಎರಡು ಸಲ ಶುರುಮಾಡಿ ಹಾಳೆ ಹರಿದೆ. ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕ್ಷೇಮ ಕೇಳುವುದು ನನ್ನಿಂದ ಆಗಲಿಲ್ಲ. ಈಗ ಕೇಳುತ್ತೇನೆ. ನಿನ್ನ ಬೆನ್ನು ಹೇಗಿದೆ? ಇಡೀ ಹಡಗಿಗೆ ಬಡಿಸಿ ಕೊನೆಗೆ ಒಲೆಯ ಪಕ್ಕ ನಿಂತೇ ತಿನ್ನುವ ಅಭ್ಯಾಸ ಬಿಟ್ಟಿದ್ದೀಯಾ? ರಕ್ತದೊತ್ತಡದ ಮಾತ್ರೆ ಮುಗಿಯುತ್ತ ಬಂದಿರಬೇಕು. ಕಳಿಸಿದ್ದೇನೆ.

ಹಡಗಿನ ಆಂಟೆನಾ ಕೆಟ್ಟಿದೆ, ಸಾಂತೋಸ್ ಬಂದರು ಸೇರುವವರೆಗೆ ಯಾರ ಫೋನೂ ಹೋಗುವುದಿಲ್ಲ ಎಂದು ಮನಿಲಾದ ಏಜೆನ್ಸಿಯವರು ಹೇಳಿದರು. ಅದಕ್ಕೇ ಈ ಪತ್ರ. ನಮ್ಮ ಬೀದಿಯ ಕೊನೆಯ ಮನೆಯ ಜೋಬರ್ಟ್ ನಿಮ್ಮ ಹಡಗಿಗೇ ಸೇರಲು ನಾಳೆ ಬೆಳಿಗ್ಗೆ ವಿಮಾನ ಹತ್ತುತ್ತಾನೆ, ಭಾನುವಾರ ಸಾಂತೋಸ್‌ನಲ್ಲಿ ನಿಮ್ಮ ಏಣಿ ಏರುತ್ತಾನೆ. ಊರಿನ ಹೆಂಡತಿಯರೆಲ್ಲ ಗಂಡಂದಿರಿಗೆ ಕೊಟ್ಟು ಕಳಿಸಿದ ಪೊಟ್ಟಣಗಳಿಂದ ಅವನ ಪೆಟ್ಟಿಗೆ ಆಗಲೇ ಬಿರಿಯುತ್ತಿದೆ. "ಮನಾಂಗ್ ಫ್ಲೋರ್, ನನ್ ಚಡ್ಡಿಗೂ ಸ್ವಲ್ಪ ಜಾಗ ಬಿಡಿ ಅಕ್ಕಾ" ಎಂದು ಗೋಳಾಡಿದ. ಬಿಸ್ಕೋಚೊ ರಸ್ಕಿನ ಪೊಟ್ಟಣದ ಕೆಳಗೆ ಒಂದು ಹೊಸ ರೀಡರ್ ಇದೆ. ಅದರ ವಿಷಯ ಆಮೇಲೆ.

ಟಾಟಾಯ್ ತೀರಿಕೊಂಡ ನಲವತ್ತನೇ ದಿನದ ಪ್ರಾರ್ಥನೆಗೆ ಎಲ್ಲ ಸಿದ್ಧ ಮಾಡಿಕೊಳ್ಳುತ್ತಿದ್ದೆ. ನೀನು ಅಂತ್ಯಕ್ರಿಯೆಗೂ ಬರಲಾಗಲಿಲ್ಲ, ಇದಕ್ಕೂ ಬರಲಾರೆ. ನಿನ್ನ ಬದಲು ಏನಾದರೂ ಇರಲಿ ಎಂದು, ಅವರು ನಿನಗೆ ಬರೆದ ಮಾತುಗಳಲ್ಲಿ ಒಂದನ್ನು ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಓದಿ ಹೇಳಬೇಕೆಂದುಕೊಂಡಿದ್ದೆ. ಮೀನುಗಾರರ ಕಾದಂಬರಿಯಲ್ಲಿ ಬರೆದಿದ್ದರಲ್ಲ, "ಇವನು ಸಾರಿಗೆ ಉಪ್ಪು ಕೊನೇಲಿ ಹಾಕ್ತಾನಂತೆ. ಸುಳ್ಳ. ಇವನ ಮನೇಲಿ ಊಟ ಮಾಡ್ಬೇಡ ಮಗಾ," ಅದು. ಜನ ನಕ್ಕು ಮನೆಗೆ ಹೋಗಲಿ ಎಂಬ ಆಸೆ. ಹಿಂದಿನ ದಿನ ರೀಡರ್ ತೆರೆದೆ. ಖಾಲಿ. ಕಾದಂಬರಿ ಇಲ್ಲ, ನಿನ್ನ ಅಡುಗೆಪುಸ್ತಕಗಳಿಲ್ಲ, ನನ್ನ ಚರಿತ್ರೆಯ ಪುಸ್ತಕಗಳಿಲ್ಲ. ನಿಮ್ಮ ಖಾತೆಯನ್ನು ಮುಚ್ಚಲಾಗಿದೆ ಎಂಬ ಒಂದು ಸಾಲು ಮಾತ್ರ. ಆ ಸಾಲನ್ನು ಪ್ರಾರ್ಥನೆಗೆ ಬಂದವರಿಗೆ ಓದಿ ಹೇಳಲೇ?

ಪಾರ್ಶ್ವವಾಯು ಹೊಡೆದು ಅವರ ಮಾತು ನಿಂತ ಮೇಲಿನ ಆ ಒಂದು ವರ್ಷ ನೀನು ನೋಡಲಿಲ್ಲ. ನಾನು ನೋಡಿದೆ. ಜೀವಮಾನವೆಲ್ಲ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದ ಕೈಯಲ್ಲಿ ಒಂದೇ ಬೆರಳು ಮಾತು ಕೇಳುತ್ತಿತ್ತು. ಆ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ, ತಪ್ಪಾದರೆ ಅಳಿಸಿ, ಮತ್ತೆ ಒತ್ತಿ, ಒಂದು ಸಾಲು ಮುಗಿಸುವಷ್ಟರಲ್ಲಿ ನನ್ನ ಅನ್ನ ಬೆಂದಿರುತ್ತಿತ್ತು. ನೀನು ಬಂದರಿನಲ್ಲಿ ನಿನ್ನ ರೀಡರನ್ನು ಇಂಟರ್ನೆಟ್ ಜಾಲಕ್ಕೆ ಸೇರಿಸಿದಾಗ ಅವೆಲ್ಲ ನಿನಗೆ ಬಂದು ತಲುಪುತ್ತವೆ ಎಂದು ಗೊತ್ತಾದ ದಿನದಿಂದ ಅವರಿಗೆ ಬೇರೆ ಕೆಲಸವೇ ಬೇಕಿರಲಿಲ್ಲ. ಮೊದಲ ಅಧ್ಯಾಯಗಳಲ್ಲಿ ಬರೆದದ್ದನ್ನು ನನಗೂ ತೋರಿಸುತ್ತಿದ್ದರು. "ಈ ಹೆಂಗಸು ನಮ್ಮ ಫ್ಲೋರ್ ಥರ. ಮಾತು ಜಾಸ್ತಿ. ಒಳ್ಳೇವಳು" ಎಂದು ಬರೆದು, ನಾನು ಓದುವುದನ್ನೇ ಕಾಯುತ್ತ ಕಣ್ಣಲ್ಲಿ ನಕ್ಕಿದ್ದರು. ಕೊನೆಯ ಅಧ್ಯಾಯಗಳಿಗೆ ಬಂದಾಗ ತೋರಿಸುವುದನ್ನು ನಿಲ್ಲಿಸಿದರು. ಅವು ನಿನಗೆ ಬರೆದವು. ಅವರು ಹೋದ ಮೇಲೂ ನಾನು ಅವನ್ನು ತೆರೆಯಲಿಲ್ಲ. ನೀನೂ ಸಿಂಗಾಪುರದಿಂದ ಫೋನ್ ಮಾಡಿದಾಗ ಏನಂದೆ? "ಎಲ್ಲಾ ಬಂದಿದೆ ಫ್ಲೋರ್. ಆದ್ರೆ ಸ್ವಲ್ಪ ಸ್ವಲ್ಪವೇ ಓದ್ತೀನಿ. ಎಲ್ಲಾ ಒಂದೇ ಸಲ ಓದ್ಬಿಟ್ರೆ ಅವರು ಇನ್ನೊಂದ್ಸಲ ಸತ್ತಂಗೆ." ಆ ಕೊನೆಯ ಮಾತುಗಳನ್ನು ಈ ಲೋಕದಲ್ಲಿ ಯಾರೂ ಓದಿಲ್ಲ, ಹೆರ್ಮಿ.

ಕಂಪನಿಗೆ ಫೋನ್ ಮಾಡಿದೆ. ಮನಿಲಾದ ಹುಡುಗಿ, ಸಕ್ಕರೆಯಂಥ ದನಿ. "ಮಾಮ್, ಖಾತೆಯ ವಿಳಾಸ ಕೆನಡಾದ್ದು. ಓದ್ತಿರೋದು ಇಲೊಯ್ಲೊದಲ್ಲಿ. ಇನ್ನೊಂದು ರೀಡರ್ ಜನವರೀಲಿ ರೋಟರ್‌ಡ್ಯಾಮ್, ಫೆಬ್ರವರೀಲಿ ಸಿಂಗಾಪುರ. ನಮ್ಮ ಸಿಸ್ಟಮ್ಮು ಕಳ್ಳತನ ಅಂತ ತಿಳ್ಕೊಳ್ಳುತ್ತೆ ಮಾಮ್." ನನ್ನ ಗಂಡ ಹಡಗಿನ ಅಡುಗೆಯವನು ಮಗೂ, ಹಡಗು ಒಂದೇ ಕಡೆ ನಿಂತರೆ ಅದು ಹೋಟೆಲು ಎಂದೆ. ಪಾಪ, ನಕ್ಕಳು. ನಮ್ಮ ತಪ್ಪೆಂದರೆ ಇಷ್ಟೇ. ನಿನ್ನ ಅಕ್ಕ ಲೋರ್ನಾ ಟೊರಾಂಟೊದಿಂದ ಸೋಪು, ಚಾಕೊಲೇಟು, ಡಬ್ಬಿಮಾಂಸದ ಜೊತೆ ಆ ದೊಡ್ಡ ಪೆಟ್ಟಿಗೆಯಲ್ಲಿ ಎರಡು ರೀಡರ್ ಇಟ್ಟು ಕಳಿಸಿದಳು. ಖಾತೆಯನ್ನು ಅವಳ ಹೆಸರಿನಲ್ಲೇ ತೆರೆದು ಕೊಟ್ಟಿದ್ದಳು, ನಾವು ಹಾಗೇ ಇಟ್ಟುಕೊಂಡೆವು. ಪೆಟ್ಟಿಗೆಯಲ್ಲಿ ಬಂದ ಟವೆಲನ್ನು ಮನೆಮಂದಿಯೆಲ್ಲ ಬಳಸುವುದಿಲ್ಲವೇ? ಇದೂ ಹಾಗೇ ಅಂದುಕೊಂಡೆವು. ಒಬ್ಬರ ಹೆಸರು, ಎಲ್ಲರ ಓದು. ಈ ಊರಿನಲ್ಲಿ ಇದನ್ನು ಕಳ್ಳತನ ಎನ್ನುವುದಿಲ್ಲ, ಸಂಸಾರ ಎನ್ನುತ್ತಾರೆ.

ಕೊಂಡ ಪುಸ್ತಕಗಳನ್ನಾದರೂ ವಾಪಸು ಕೊಡಿ ಎಂದೆ. "ನೀವು ಪುಸ್ತಕ ಕೊಂಡಿಲ್ಲ ಮಾಮ್. ಓದೋಕೆ ಅನುಮತಿ ತಗೊಂಡಿದ್ರಿ, ಅಷ್ಟೇ." ಗುಂಡಿಯ ಮೇಲೆ 'ಕೊಳ್ಳಿ' ಎಂದು ಬರೆದಿತ್ತಲ್ಲ ಎಂದೆ. "ಅದು ಬರೀ ಗುಂಡಿ ಮಾಮ್." ಅಂಚಿನ ಬರಹ ಕೇಳಿದೆ. ಖಾತೆಯ ಜೊತೆ ಅದೂ ಅಳಿಸಿಹೋಗಿದೆ, ಎಲ್ಲ ರೀಡರುಗಳಿಂದಲೂ ತೆಗೆದಾಗಿದೆ ಎಂದಳು. ಎಂದರೆ ನಿನ್ನದರಿಂದಲೂ.

ನನಗೆ ಒಂಬತ್ತು ವರ್ಷವಾಗಿದ್ದಾಗ, ಮಾರ್ಷಲ್ ಲಾ ಬಂದ ಆ ವರ್ಷ, ನಮ್ಮಪ್ಪನ ಪುಸ್ತಕಗಳನ್ನು ಒಯ್ಯಲು ಸೈನಿಕರು ಬಂದಿದ್ದರು. ನಿನಗೆ ಈ ಕಥೆ ಬಾಯಿಪಾಠ, ಆದರೂ ಹೇಳುತ್ತೇನೆ. ಅವರು ಬಾಗಿಲು ತಟ್ಟಿದರು. ಒಬ್ಬನಿಗೆ ಅಮ್ಮ ನೀರು ಕೊಟ್ಟಳು. ಅವನು ಕುಡಿದು ಲೋಟ ಮೇಜಿನ ಮೇಲಿಟ್ಟು ಆಮೇಲೆ ಕಪಾಟಿಗೆ ಕೈ ಹಾಕಿದ. ಪುಸ್ತಕ ಹೋದ ಮೇಲೆ ಕಪಾಟಿನಲ್ಲಿ ಧೂಳಿಲ್ಲದ ಚೌಕಗಳು ಉಳಿದವು. ಅಪ್ಪ ಅವನ್ನು ಒರೆಸಲು ಬಿಡಲಿಲ್ಲ. ಯಾರೇ ಬಂದರೂ ಅದನ್ನು ನೋಡಲಿ ಎಂದರು. ಚಿಕ್ಕು ಮರದ ಬುಡದಲ್ಲಿ ಸೀಮೆಎಣ್ಣೆ ಡಬ್ಬಿಯೊಳಗೆ ಹೂತಿಟ್ಟ ಪುಸ್ತಕಗಳು ಮಾತ್ರ ಉಳಿದವು, ನಮ್ಮ ನೆಲದಲ್ಲಿ ನಮ್ಮ ಕೈಯಾರೆ ಇಟ್ಟಿದ್ದರಿಂದ. ಈಗಿನವರು ಬಾಗಿಲು ತಟ್ಟುವುದಿಲ್ಲ. ಹೋದ ಜಾಗದಲ್ಲಿ ಧೂಳಿನ ಗುರುತೂ ಉಳಿಯುವುದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನ ಗ್ರಂಥಾಲಯ ನೋಡಿಕೊಂಡವಳು ನಾನು. ಹರಿದ ಪುಸ್ತಕ, ಕದ್ದ ಪುಸ್ತಕ, ಗೆದ್ದಲು ತಿಂದ ಪುಸ್ತಕ ಎಲ್ಲ ಕಂಡಿದ್ದೇನೆ. ಕೊಂಡವರ ಮನೆಯೊಳಗೆ ನಡುರಾತ್ರಿ ಬಂದು ಪುಸ್ತಕ ಎತ್ತಿಕೊಂಡು ಹೋದ ಅಂಗಡಿಯವನನ್ನು ಕಂಡಿರಲಿಲ್ಲ.

ಈಗ ಶನಿವಾರದ ವಿಷಯ. ಇಲ್ಲಿಯ ಪ್ಲಾಜಾ ಪಕ್ಕದ ಸಭಾಂಗಣದಲ್ಲಿ ಅದೇ ಕಂಪನಿಯವರು ಶಾಲೆಗಳಿಗೆ ರೀಡರ್ ದಾನ ಮಾಡುತ್ತಾರೆ. ಅವರ ದೊಡ್ಡ ಮ್ಯಾನೇಜರು ಮನಿಲಾದಿಂದ ಬರುತ್ತಾನೆ. ಹಳೆಯ ಗ್ರಂಥಪಾಲಕಿ ಎಂದು ನನ್ನನ್ನೂ ವೇದಿಕೆಗೆ ಕರೆದಿದ್ದಾರೆ. ಅಲ್ಲಿ ಈ ಮಾತು ಎತ್ತುತ್ತೇನೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ, ಅದು ಅವರ ಕಿವಿಗೂ ಬಿತ್ತು. ನಿನ್ನೆ ಒಬ್ಬ ಟೈ ಕಟ್ಟಿದವನು ಮನೆಗೇ ಬಂದ. ಹೊಸ ಖಾತೆ ತೆರೆದು ಅವೇ ಪುಸ್ತಕಗಳನ್ನು ಉಚಿತವಾಗಿ ಕೊಡುತ್ತಾರಂತೆ, ನಾನು ಸ್ವಾಗತ ಮಾತ್ರ ಹೇಳಿ ಕೂತರೆ. "ಮಕ್ಕಳ ಕಾರ್ಯಕ್ರಮ ಮಾಮ್, ಮನೆ ವಿಷಯ ಅಲ್ಲಿ ಯಾಕೆ?" ಎಂದ. ಟಾಟಾಯ್ ಬರೆದದ್ದು ಬರುತ್ತದೆಯೇ ಎಂದೆ. ಬರುವುದಿಲ್ಲ ಎಂದ. ಕಾಫಿ ಕುಡಿಸಿ ಕಳಿಸಿದೆ.

ಲೋರ್ನಾ ಫೋನ್ ಮಾಡಿ ಬೈದಳು. "ಫ್ಲೋರ್, ಕೊಟ್ಟಿದ್ ತಗೊಂಡು ಸುಮ್ನಿರು. ಖಾತೆ ನನ್ ಹೆಸರಲ್ಲಿದೆ. ನಾಳೆ ಊರೆಲ್ಲ ನನ್ನ ಕಳ್ಳಿ ಅಂದ್ರೆ ನೀನು ಬಂದು ಬಿಡಿಸ್ತೀಯಾ?" ನಿಮ್ಮಪ್ಪನ ಮಾತು ಕದ್ದವರು ಯಾರು ಮನಾಂಗ್ ಎಂದೆ. ಆಮೇಲೆ, "ಅದ್ರಲ್ಲಿ ನನಗೇನಾದ್ರೂ ಬರೆದಿದ್ರಾ?" ಎಂದಳು. ಗೊತ್ತಿಲ್ಲ ಎಂದೆ. ಅಳುವುದು ಕೇಳಿಸಿತು. ಅವಳ ಮೇಲೆ ಸಿಟ್ಟಾಗಬೇಡ.

ಇನ್ನು ಹೊಸ ರೀಡರು. ಇವತ್ತು ಮಧ್ಯಾಹ್ನ ಜಿಂಜಿನ್ ಅಂಗಡಿಗೆ ಹೋಗಿದ್ದೆ, ಹಿಂದೆ ನಿನ್ನ ಫೋನ್ ರಿಪೇರಿ ಮಾಡಿದವಳು. ಬಣ್ಣದ್ದು, ಹೊಳೆಯುವುದು, ಖಾತೆ ತೆರೆದರೆ ಎಲ್ಲ ತಾನೇ ಬಂದು ಬೀಳುವುದು ಎಂದು ಒಂದೊಂದೇ ತೋರಿಸಿದಳು. ನಾನು ಕೇಳಿದ್ದು ಬೇರೆ. ತಂತಿ ಚುಚ್ಚಿ ನಾನೇ ಪುಸ್ತಕ ತುಂಬಿಸಬಹುದೇ? ಬೇರೆ ಅಂಗಡಿಯ ಪುಸ್ತಕ ತೆರೆಯುತ್ತದೆಯೇ? ಹೆಸರು, ವಿಳಾಸ ಕೊಡದೆ ಕೆಲಸ ಮಾಡುತ್ತದೆಯೇ? ಅಂಚಿನಲ್ಲಿ ಬರೆದದ್ದನ್ನು ಹೊರಗೆ ತೆಗೆದು ಬೇರೆ ಕಡೆ ಇಡಬಹುದೇ? ಮಾಡಿದ ಕಂಪನಿ ನಾಳೆ ಬಾಗಿಲು ಹಾಕಿದರೆ ಇದು ಬದುಕಿರುತ್ತದೆಯೇ? ಜಿಂಜಿನ್ ಸೊಂಟದ ಮೇಲೆ ಕೈಯಿಟ್ಟು, "ಮನಾಂಗ್, ನೀವು ರೀಡರ್ ನೋಡ್ತಿದೀರೋ, ಎರಡನೇ ಗಂಡನ್ನ ನೋಡ್ತಿದೀರೋ?" ಎಂದಳು. ಮೊದಲನೆಯವನಿಗೇ ಕೊಡಲು ಎಂದೆ. ಕೊನೆಗೆ ಒಳಗಿನಿಂದ ಒಂದು ಬೂದು ಬಣ್ಣದ್ದನ್ನು ತಂದಳು. ನೋಡಲು ಸ್ಲೇಟಿನ ಹಾಗಿದೆ, ಯಾರೂ ಕೇಳುವುದಿಲ್ಲವಂತೆ. ಯಾವ ಅಂಗಡಿಗೂ ಕಟ್ಟಿಹಾಕಿದ್ದಲ್ಲ. ಒಂದು ಚಿಕ್ಕ ಕಾರ್ಡು ಹಾಕಿದರೆ ಸಾಕು. ಬರೆದವರೇ ನೇರವಾಗಿ, ಬೀಗವಿಲ್ಲದೆ ಮಾರುವ ಪುಸ್ತಕಗಳನ್ನು ಹುಡುಕಿ ಕಾರ್ಡಿಗೆ ತುಂಬಿದ್ದೇನೆ. ಅದರ ಪ್ರತಿ ನನ್ನ ಕಪಾಟಿನಲ್ಲೂ ಇದೆ. ಮೀನುಗಾರರ ಕಾದಂಬರಿ ಮಾತ್ರ ಹಾಗೆ ಸಿಗಲಿಲ್ಲ. ನಮ್ಮ ಹಳೆಯ ರೀಡರನ್ನು ಅವಳ ಹತ್ತಿರ ಬಿಟ್ಟು ಬಂದಿದ್ದೇನೆ, ಏನಾದರೂ ಉಳಿದಿದೆಯೋ ನೋಡು ಎಂದು. "ಆಸೆ ಇಟ್ಕೋಬೇಡಿ" ಎಂದಿದ್ದಾಳೆ.

ಶನಿವಾರ ನಾನು ಏನು ಮಾಡಬೇಕೆಂದು ನಿನ್ನನ್ನು ಕೇಳಲು ಸಮಯವಿಲ್ಲ. ಪತ್ರ ನಿನಗೆ ಸಿಗುವ ಹೊತ್ತಿಗೆ ಅದು ಮುಗಿದಿರುತ್ತದೆ. ನೀನು ಏನನ್ನುತ್ತಿದ್ದೆ ಎಂಬುದು ಗೊತ್ತು. ಅಡುಗೆಮನೆಯಲ್ಲಿ ಬೆಂಕಿ ಜೋರು ಮಾಡಬೇಡ, ಪಾತ್ರೆ ಹೊತ್ತೀತು ಎನ್ನುತ್ತಿದ್ದೆ. ಪಾತ್ರೆ ಆಗಲೇ ಹೊತ್ತಿದೆ, ನನ್ನ ಮುದ್ದಿನ ಪಾಂಗಾ.

ಹೊತ್ತಿಗೆ ಸರಿಯಾಗಿ ಕೂತು ಊಟ ಮಾಡು. ಕ್ಯಾಪ್ಟನ್ನರಿಗೂ ನಿನ್ನ ಅಡುಗೆಮನೆಯ ಜೊತೆಗಾರರಿಗೂ ನನ್ನ ನಮಸ್ಕಾರ ತಿಳಿಸು. ಕ್ಯಾಂಡೆಲಾರಿಯಾ ಮಾತೆ ನಿನ್ನನ್ನೂ ಆ ಹಡಗನ್ನೂ ಕಾಯಲಿ.

ನಿನ್ನ,
ಫ್ಲೋರ್ದೆಲಿಸ್

ಮರೆಯುವ ಮುನ್ನ: ಲಕೋಟೆ ಅಂಟಿಸಿಬಿಟ್ಟಿದ್ದೆ, ಹರಿದು ಬರೆಯುತ್ತಿದ್ದೇನೆ. ಜಿಂಜಿನ್ ಈಗ ಫೋನ್ ಮಾಡಿದಳು. ಆ ಕಂಪನಿಯ ಹುಡುಗಿ ಹೇಳಿದ್ದು ಪೂರ್ತಿ ನಿಜವಲ್ಲ. ನಮ್ಮ ಮನೆಯದು ಸದಾ ಜಾಲದಲ್ಲೇ ಇತ್ತು, ಅದಕ್ಕೇ ಖಾಲಿಯಾಯಿತು. ಮೂರನೇ ತಾರೀಕಿನಿಂದ ಈಚೆಗೆ ಜಾಲಕ್ಕೆ ಸೇರದ ರೀಡರಿಗೆ ಖಾತೆ ಮುಚ್ಚಿದ ಸುದ್ದಿಯೇ ಗೊತ್ತಿರುವುದಿಲ್ಲವಂತೆ. ನೀನು ಕೊನೆಯ ಸಲ ಸೇರಿಸಿದ್ದು ಸಿಂಗಾಪುರದಲ್ಲಿ, ಫೆಬ್ರವರಿಯಲ್ಲಿ. ಎಂದರೆ ಟಾಟಾಯ್ ಬರೆದದ್ದೆಲ್ಲ ನಿನ್ನ ಹಾಸಿಗೆಯ ಪಕ್ಕದಲ್ಲೇ ಇದೆ. ಸಾಂತೋಸ್‌ನಲ್ಲಿ ಏಣಿ ಇಳಿದ ಕೂಡಲೇ ನೀನು ಆ ರೀಡರನ್ನು ಕಂಕುಳಲ್ಲಿಟ್ಟುಕೊಂಡು ಜಾಲಕ್ಕೆ ಸೇರಿಸಲು ನಾವಿಕರ ಕೇಂದ್ರಕ್ಕೆ ಓಡುತ್ತೀ, ನನಗೆ ಗೊತ್ತು. ಓಡಬೇಡ. ಅದನ್ನು ಯಾವ ಬಂದರಿನಲ್ಲೂ ಜಾಲಕ್ಕೆ ಸೇರಿಸಬೇಡ, ಒಂದು ನಿಮಿಷಕ್ಕೂ ಸೇರಿಸಬೇಡ. ಒಂದೊಂದು ಪುಟ ತೆರೆದು ಫೋನಿನಲ್ಲಿ ಫೋಟೋ ತೆಗೆ. ಓದಲು ಮನಸ್ಸಿಲ್ಲದಿದ್ದರೆ ಓದದೆಯೇ ತೆಗೆ. ಲೋರ್ನಾಳ ಹೆಸರು ಕಂಡರೆ ಆ ಪುಟವನ್ನು ಮೊದಲು ಅವಳಿಗೆ ಕಳಿಸು.

ಕ್ಯಾಪ್ಟನ್ನರ ಹತ್ತಿರ ಬೇರೆಯಾಗಿರುವ ತುರ್ತು ಫೋನಿಗೆ ಒಂದು ಮಾತು ಹೇಳಿಸಿ ಎಂದು ಏಜೆನ್ಸಿಯವನನ್ನು ಕೇಳಿದೆ. "ಯಾರಾದ್ರೂ ತೀರ್ಕೊಂಡ್ರಾ ಮಾಮ್?" ಎಂದ. ಜನವರಿಯಲ್ಲಿ ತೀರಿಕೊಂಡವರ ವಿಷಯ ಎಂದೆ. ಫೋನ್ ಇಟ್ಟ. ಇನ್ನು ಜೋಬರ್ಟನ ಕಾಲೇ ಗತಿ. ನಿನ್ನನ್ನು ಕಂಡ ತಕ್ಷಣ, ಕೈ ಕುಲುಕುವ ಮುಂಚೆ ಇದನ್ನೇ ಹೇಳಬೇಕೆಂದು ಅವನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದೇನೆ. ಅವನಿಗಿಂತ ಮೊದಲು ನೀನು ದಡಕ್ಕಿಳಿದಿದ್ದರೆ ಏನು ಹೇಳಲಿ, ಹೆರ್ಮಿ, ನನಗೆ ಗೊತ್ತಿಲ್ಲ.

ಆ ಬರಹ ಉಳಿದರೂ ಸರಿ, ಅಳಿದರೂ ಸರಿ, ಶನಿವಾರ ಸ್ವಾಗತ ಹೇಳಿದ ಮೇಲೆ ನಾನು ಕೂರುವುದಿಲ್ಲ. ಮಕ್ಕಳ ಕೈಗೆ ಆ ರೀಡರುಗಳನ್ನು ಕೊಡುವ ಮೊದಲು ಆ ಮ್ಯಾನೇಜರನ್ನು ಇಷ್ಟೇ ಕೇಳುತ್ತೇನೆ: ಪುಸ್ತಕ ನಿಮ್ಮದೆಂದೇ ಇಟ್ಟುಕೊಳ್ಳಿ ಸರ್, ಮಾತು ನಿಂತುಹೋದ ಮುದುಕನೊಬ್ಬ ಒಂದೇ ಬೆರಳಿನಲ್ಲಿ ತನ್ನ ಮಗನಿಗೆ ಬರೆದದ್ದು ಯಾರದು? ನನ್ನ ಮನೆಗೆ ಆಳು ಕಳಿಸಬೇಡಿ, ಕಿವಿಯಲ್ಲಿ ಹೇಳಬೇಡಿ. ಇಲ್ಲೇ, ಈ ಮೈಕಿನಲ್ಲಿ, ಈ ಮಕ್ಕಳೆದುರು ಹೇಳಿ.