ಸ್ಟೋರಿನ ಬಾಗಿಲ ಮೇಲೆ ಹತ್ತು ಪದ

ಹೆತ್ತೂರು
೧೮ ಜನವರಿ ೨೦೨೫

ಪ್ರೀತಿಯ ವಾಣಿ,

ಬೆಳಿಗ್ಗೆ ಒಲೆ ಹಚ್ಚಲು ಹೋದಾಗ ನೋಡಿದೆ, ಗೋಡೆಯ ಮೇಲೆ ಅಮ್ಮ ಇದ್ದಿಲಿನಿಂದ ಒಂದೇ ಇಂಗ್ಲಿಷ್ ಪದವನ್ನು ಐದು ಸಲ ಬರೆದಿದ್ದಾಳೆ. ಡ್ರೈಡ್, ಒಣಗಿದ್ದು. ಐದೂ ಸರಿ. ನಿನ್ನೆ ಎಲ್ಲರೆದುರು ತಪ್ಪಿದ್ದು ಅದೊಂದೇ ಪದ.

ಅಮ್ಮ ಇಪ್ಪತ್ತೆರಡು ವರ್ಷದಿಂದ ಇಲ್ಲಿನ ಎಸ್ಟೇಟಿನಲ್ಲಿ ಕಾಫಿಬೀಜ ಆರಿಸುವವಳು, ನಿನಗೆ ಗೊತ್ತು. ಕಾಫಿ ಮೂಟೆ ಇಡುವ ಸ್ಟೋರಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಖಾಲಿಯಾದಾಗ, ನಾನೂ ಬರ್ತೀನಿ ಅಂದುಬಿಟ್ಟಳು. ಮೂಟೆಗಳ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಅವಳು ಓದಿದ್ದು ಏಳನೇ ಕ್ಲಾಸು. ಮ್ಯಾನೇಜರ್ ಚಂದ್ರಶೇಖರ ಅವರು, ಒಂದು ತಿಂಗಳು ಕಲಿಯಿರಿ, ಹತ್ತು ಪದ ಬರೆಸಿ ನೋಡ್ತೀನಿ ಅಂದರು.

ನಾನು ಪದಗಳ ತಲೆ, ಹೊಟ್ಟೆ, ಬಾಲ ಬೇರೆ ಮಾಡಿ ಕಲಿಸಿದೆ. ಅವಳು ಮೊರದಲ್ಲಿಟ್ಟು ಆರಿಸಿದಂತೆ ಕಲಿತಳು. 'ಅನ್‌ನಂಬರ್ಡ್' (ನಂಬರ್ ಹಾಕದ್ದು) ಬರೆದು, ಎರಡು ಎನ್ ಅಕ್ಕಪಕ್ಕ ಕಂಡಿದ್ದೇ ಒಂದನ್ನು ಕಸವೆಂದು ತೆಗೆದುಹಾಕಿದಳು. ಒಂದು 'ಅನ್'ನದು, ಇನ್ನೊಂದು 'ನಂಬರ್'ನದು, ಎರಡೂ ಇರಲಿ ಅಂದೆ. ಒಂದೇ ಹಣ್ಣಲ್ಲಿ ಎಲ್ಡು ಬೀಜ ಇರಲ್ವಾ ಹಂಗೆ ಅನ್ನು ಮತ್ತೆ, ಅಂದಳು. 'ಡ್ರೈ'ಗೆ ಬಾಲ ಬಂದರೆ ವೈ ಹೋಗಿ ಐ ಬರುತ್ತೆ ಅಂದಿದ್ದಕ್ಕೆ, ಒಣಗಿದ್ಮೇಲೆ ಹಣ್ಣು ಬಣ್ಣ ಬದಲಿಸ್ದೆ ಇರ್ತೈತಾ ಅಂದಳು. ಮೂರು ವರ್ಷ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಇದು ಹೊಳೆದಿರಲೇ ಇಲ್ಲ.

ನಿನ್ನೆ ಸಂಜೆ ಸ್ಟೋರಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದರು. ಕೂಲಿಲೈನಿನ ಮನೆಗಳವರೆಲ್ಲ ಸೇರಿದ್ದರು. ನಾನು ಮೂಟೆಗಳ ಹಿಂದೆ ನಿಂತಿದ್ದೆ. ಮೇಸ್ತ್ರಿ ದೇವೀರಪ್ಪ ಅಮ್ಮನಿಗೆ, ಕಮಲಮ್ಮ, ಇದು ಕಾಪಿ ಆರಿಸ್ದಂಗಲ್ಲ ಕಣವ್ವ, ಸುಣ್ಣ ಮುರುದ್ಬುಟ್ಟೀಯ ಅಂತ ಎಲ್ಲರನ್ನೂ ನಗಿಸಿದ. ಒಂಬತ್ತು ಪದ ಸರಿಯಾದವು. ಹತ್ತನೆಯದರಲ್ಲಿ ವೈ ಹಾಗೇ ಉಳಿಯಿತು. ಮ್ಯಾನೇಜರ್ ಇಲ್ಲವೆಂದು ತಲೆಯಾಡಿಸಿದರು, ಜನ ನಕ್ಕರು. ನಾನಾಗಿದ್ದರೆ ಓಡಿಹೋಗುತ್ತಿದ್ದೆ. ಅಮ್ಮ ಸುಣ್ಣ ಕೆಳಗಿಡಲಿಲ್ಲ. ತಡೀರಿ ಸಾ, ಬಣ್ಣ ಬದಲಿಸೋದು ಮರ್ತ್ಬುಟ್ಟೆ, ಅಂತ ತಾನೂ ನಕ್ಕು, ತಪ್ಪನ್ನು ಅಳಿಸದೆ ಅದರ ಕೆಳಗೇ ಸರಿಯಾಗಿ ಬರೆದಳು.

ಚಂದ್ರಶೇಖರ ಅವರು ಎರಡನ್ನೂ ನೋಡಿ, ತಪ್ಪು ಮುಚ್ಚಿಡದವರೇ ಸ್ಟೋರಿಗೆ ಬೇಕು, ಸೋಮವಾರ ಬನ್ನಿ ಅಂದರು. ದೇವೀರಪ್ಪ, ರೈಟ್ರಮ್ಮ, ನನ್ನೆಸ್ರೂ ಇಂಗ್ಲಿಷಲ್ಲಿ ಬರಿ ಅಂದ. ಮೊದ್ಲು ಹೊಸ ಸುಣ್ಣ ತಂದ್ಕೊಡು ಮಾರಾಯ, ಅಂದಳು ಅಮ್ಮ. ನಾನು ಮೂಟೆಗಳ ಹಿಂದಿನಿಂದ ಹೊರಗೆ ಬಂದು, ಅಷ್ಟು ಜನರ ನಡುವೆ ಅವಳ ಸುಣ್ಣದ ಕೈ ಹಿಡಿದುಕೊಂಡೆ.

ಆಲೂರಿನ ನಿಮ್ಮ ಶಾಲೆಗೆ ಇನ್ನೂ ಇಂಗ್ಲಿಷ್ ಟೀಚರ್ ಸಿಕ್ಕಿಲ್ಲ ಅಂದಿದ್ದೆಯಲ್ಲ. ಇಪ್ಪತ್ನಾಲ್ಕನೇ ತಾರೀಕಿನ ಡೆಮೊ ಕ್ಲಾಸಿಗೆ ನನ್ನ ಹೆಸರು ಬರೆಸು.

ನಿನ್ನ,
ರೈಟ್ರಮ್ಮನ ಮಗಳು ಸೌಜನ್ಯ

ಮರೆತಿದ್ದು: ಹೋದ ಸಲ ಡೆಮೊಗೆ ಬರದೆ ಜ್ವರ ಅಂದಿದ್ದು ಸುಳ್ಳು. ಅವತ್ತು ಆಲೂರಿಗೆ ಬಂದಿದ್ದೆ, ನಿಮ್ಮ ಶಾಲೆಯ ಗೇಟು ಮುಟ್ಟಿ ವಾಪಸು ಬಸ್ಸು ಹತ್ತಿದೆ. ಈ ಸಲ ಗೇಟಿನ ಹತ್ತಿರ ಕಾಯಬೇಡ. ನಾನೇ ಒಳಗೆ ಬರ್ತೀನಿ.