ದೋಣಿಯಲ್ಲಿ ಐದೇ ಜನ

ಮಾರ್ಚ್ ೨೨, ಭಾನುವಾರ

ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ನಾಳೆ ಬೆಳಿಗ್ಗೆ ಲ್ಯಾಬಿನಲ್ಲಿ ಜನರ ರಕ್ತ ತೆಗೆಯಲು ಸೂಜಿ ಹಿಡಿಯಬೇಕು. ಹಿಡಿಯುತ್ತೇನೆ.

ವಸಂತ ಬಂತೆಂದರೆ ತಂಗಿಯ ಸಂಸಾರದ ಜೊತೆ ಕೆರೆಯ ಉದ್ಯಾನಕ್ಕೆ ಹೋಗುವುದು, ಅಲ್ಲಿನ ಹೋಟೆಲಿನಲ್ಲಿ ಊಟ, ಆಮೇಲೆ ದೋಣಿ. ದೋಣಿಯಲ್ಲಿ ಐದೇ ಜನಕ್ಕೆ ಜಾಗ, ನಾವು ಆರು ಜನ. ಏಳು ವರ್ಷದ ಹಿಂದೆ, "ನಂಗೆ ನೀರು ಕಂಡ್ರೆ ಭಯ, ನೀವು ಹೋಗ್ಬನ್ನಿ" ಎಂದುಬಿಟ್ಟೆ. ಅಂದಿನಿಂದ ಬೆಂಚಿನ ಮೇಲೆ ಕೂತು ಅವರ ಚೀಲ, ಚಪ್ಪಲಿ ಕಾಯುವುದೇ ನನ್ನ ಪಾಲಿನ ವಸಂತ.

ಇವತ್ತು ಊಟಕ್ಕೆ ಕೂರುವಾಗ ತಂಗಿಯ ಕಿರಿಮಗಳು, "ದೊಡ್ಡಮ್ಮನ್ನ ಕಿಟಕಿ ಪಕ್ಕ ಕೂರಿಸ್ಬೇಡಿ, ಕೆರೆ ಕಂಡ್ರೆ ಹೆದರ್ಕೋತಾರೆ" ಎಂದಳು. ಪಾಪ, ಅಕ್ಕರೆಯಿಂದಲೇ. ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಮೇಲಲ್ಲ, ನನ್ನ ಮೇಲೇ.

ಊಟ ಮುಗಿದದ್ದೇ ಚೀಲಗಳನ್ನೆಲ್ಲ ತಂಗಿಯ ಗಂಡನ ಕೈಗೆ ಕೊಟ್ಟು, ಒಬ್ಬಳೇ ದೋಣಿ ಹತ್ತಿ ಹುಟ್ಟು ಹಾಕಿದೆ. ದೋಣಿ ಮೊದಲು ಗಾಣದೆತ್ತಿನ ಹಾಗೆ ಇದ್ದಲ್ಲೇ ಸುತ್ತಿತು. ದಡದಲ್ಲಿ ಐವರೂ ಬಾಯಿ ಬಿಟ್ಟುಕೊಂಡು ನಿಂತಿದ್ದರು. ನಾನು ಬಿಡಲಿಲ್ಲ, ಆಚೆ ದಡ ಮುಟ್ಟಿಯೇ ಬಂದೆ.

"ಹಾಗಾದ್ರೆ ಭಯ ಅಂದಿದ್ದು ಸುಳ್ಳಾ ಅಕ್ಕಾ?" ಎಂದಳು ತಂಗಿ.

"ಹೂಂ."

"ಐಸ್‌ಕ್ರೀಂ ಸೇರಲ್ಲ ಅನ್ನೋದು?"

"ಅದೂ ಸುಳ್ಳೇ. ಎರಡು ತಗೊಂಡು ಬಾ."

ನಕ್ಕಳು. ಆಮೇಲೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದೇ ಕೂತಿದ್ದಳು. ಅವಳ ಮದುವೆಗೆ ಅಡ್ಡಿಯಾಗಬಾರದೆಂದು ನಾನು ಹಿಂದೆ "ನಂಗೆ ಮದುವೆ ಬೇಡ" ಎಂದಿದ್ದೆನಲ್ಲ, ಅದನ್ನು ಕೇಳಬೇಕೆಂದಿದ್ದಳೋ ಏನೋ. ಕೇಳಲಿಲ್ಲ.

ಕೈ ಉರಿಯುತ್ತಿದೆ, ಇಷ್ಟು ಸಾಕು. ಕೇಳಿದ ದಿನ ಅದಕ್ಕೂ ನಿಜವನ್ನೇ ಹೇಳುತ್ತೇನೆ.